ಗುಪ್ತಾಂಗದ ಹೇನು: ಕುಡಿತ ಬಿಡುವ ಚಿಕಿತ್ಸೆಯಲ್ಲಿರುವವರಿಗೂ ಅವರ ಮನೆಯವರಿಗೂ



ಕುಡಿತ ಬಿಡಬೇಕೆಂದು ನಮ್ಮ ಹೊರರೋಗಿ ವಿಭಾಗಕ್ಕೆ ಬರುವವರು ಮೊದಲ ದಿನವೇ ಬಹಳಷ್ಟು ಹೇಳಿಕೊಳ್ಳುತ್ತಾರೆ. ಕೈ ನಡುಗುವುದು, ನಿದ್ದೆ ಬಾರದಿರುವುದು, ಹೊಟ್ಟೆಯುರಿ, ಮಾಡಿದ ಸಾಲ, ಹೆಂಡತಿ ತವರಿಗೆ ಹೋದದ್ದು ಎಲ್ಲವೂ ಬಾಯಿಗೆ ಬರುತ್ತದೆ. ತೊಡೆಸಂದಿಯ ತುರಿಕೆ ಮಾತ್ರ ಬರುವುದಿಲ್ಲ. ಬೆಂಚಿನ ಮೇಲೆ ಕುಳಿತವರು ಕಾಲು ಬದಲಿಸುತ್ತಾರೆ, ಪಂಚೆಯ ಮೇಲಿಂದಲೇ ಉಜ್ಜಿಕೊಳ್ಳುತ್ತಾರೆ, ಕೇಳಿದರೆ "ಬೆವರುಸಾಲೆ ಸಿಸ್ಟರ್" ಎನ್ನುತ್ತಾರೆ. ಹಲವರಿಗೆ ಅದು ನಿಜವಾಗಿಯೂ ಬೆವರುಸಾಲೆಯೇ. ಕೆಲವರಿಗೆ ಹುಳುಕಡ್ಡಿ, ಕೆಲವರಿಗೆ ಕಜ್ಜಿ. ಇನ್ನು ಕೆಲವರಿಗೆ ಗುಪ್ತಾಂಗದ ಕೂದಲಲ್ಲಿ ಹೇನು. ಈ ಪುಟಗಳು ಮುಖ್ಯವಾಗಿ ಆ ಕೊನೆಯವರಿಗಾಗಿ, ಅವರನ್ನು ಕರೆತಂದು ಹೊರಗೆ ಕಾಯುತ್ತಿರುವವರಿಗಾಗಿ.

ಹೇನಿನಿಂದ ಯಾರೂ ಸಾಯುವುದಿಲ್ಲ. ಹತ್ತು ಹದಿನೈದು ದಿನದಲ್ಲಿ ಹೋಗುವ ತೊಂದರೆ ಇದು. ಆದರೆ ಇದರ ನಾಚಿಕೆಗೆ ಕುಡಿತದ ಚಿಕಿತ್ಸೆಯನ್ನೇ ಬಿಟ್ಟು ಹೋದವರನ್ನು ನಾನು ಕಂಡಿದ್ದೇನೆ. ಒಬ್ಬರ ವಿಷಯದಲ್ಲಿ ತಪ್ಪು ನನ್ನದೇ. ಡಿಪ್ಲೊಮಾ ಮುಗಿಸಿ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಔಷಧಿ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಲೋಷನ್ ಹಚ್ಚುವ ಕ್ರಮವನ್ನು ನಾನು ಸಾಲಿನ ಎದುರೇ ಗಟ್ಟಿಯಾಗಿ ಹೇಳಿದೆ, ಎಲ್ಲಿಗೆ ಹಚ್ಚಬೇಕು ಎಂಬುದನ್ನೂ ಸೇರಿಸಿ. ಹಿಂದೆ ನಿಂತವರು ನಕ್ಕರು. ಆತ ಲೋಷನ್ನನ್ನೂ ಕುಡಿತದ ಮಾತ್ರೆಗಳನ್ನೂ ಕಟ್ಟೆಯ ಮೇಲೆ ಬಿಟ್ಟು ಹೊರಟರು. ಎರಡು ತಿಂಗಳ ಮೇಲೆ ಅವರ ತಾಯಿ ಸಕ್ಕರೆ ಕಾಯಿಲೆಗೆ ಬಂದಾಗ, ಮಗ ಮತ್ತೆ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದಾನೆ ಎಂದರು. ಅಂದಿನಿಂದ ಈ ಮಾತನ್ನು ಬಾಗಿಲು ಮುಚ್ಚದೆ ನಾನು ಆಡಿಲ್ಲ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯ ವಿಷಯ ನಮ್ಮ ಭಾಗದ ಭಕ್ತರಿಗೆ ಹೊಸದಲ್ಲ. ಕಾಸು ಕಾಳಿನ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ಜೋಳಿಗೆ ಅದು. ಕುಡಿತವನ್ನು ಹಾಗೆ ನಾಲ್ಕು ಜನರ ಎದುರು ಜೋಳಿಗೆಗೆ ಹಾಕಿದರೆ ಬಲ ಬರುತ್ತದೆ, ಏಕೆಂದರೆ ಮಾತಿಗೆ ಸಾಕ್ಷಿ ಇರುತ್ತದೆ. ಮೈಮೇಲಿನ ಹೇನಿಗೆ ಸಾಕ್ಷಿ ಬೇಡ. ಮುಚ್ಚಿದ ಬಾಗಿಲಿನ ಒಳಗೆ ಒಬ್ಬ ವೈದ್ಯರಿಗೋ ಒಬ್ಬ ನರ್ಸಿಗೋ ಹೇಳಿದರೆ ಸಾಕು.

ಇದು ಯಾವ ಹೇನು?

ನಮ್ಮಲ್ಲಿ ತಲೆಯದಕ್ಕೆ ಹೇನು ಎನ್ನುತ್ತೇವೆ, ಬಟ್ಟೆಯ ಹೊಲಿಗೆಯಲ್ಲಿ ಅಡಗುವುದಕ್ಕೆ ಕೂರೆ ಎನ್ನುತ್ತೇವೆ, ಮೊಟ್ಟೆಗೆ ಸೀರು ಎನ್ನುತ್ತೇವೆ. ಈ ಮೂರನೆಯ ಜಾತಿಗೆ ಹತ್ತು ಜನರ ನಡುವೆ ಹೇಳಬಹುದಾದ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಹೇಳಿಕೊಳ್ಳುವುದೂ ಕಷ್ಟ. ಇಲ್ಲಿ ಗುಪ್ತಾಂಗದ ಹೇನು ಎಂದೇ ಬರೆಯುತ್ತೇನೆ.

ಇದು ಒಂದರಿಂದ ಎರಡು ಮಿಲಿಮೀಟರ್ ಉದ್ದದ, ಬೂದು ಅಥವಾ ಕಂದು ಬಣ್ಣದ ಹುಳ. ತಲೆಹೇನಿನಂತೆ ನೀಳವಲ್ಲ, ಅಗಲ. ಭೂತಗನ್ನಡಿಯಲ್ಲಿ ನೋಡಿದರೆ ಥೇಟ್ ಏಡಿ. ಹಿಂದಿನ ಕಾಲುಗಳ ಕೊಕ್ಕೆಯಿಂದ ದಪ್ಪ ಕೂದಲನ್ನು ಅವಚಿಕೊಂಡು ಬುಡದಲ್ಲಿ ರಕ್ತ ಹೀರುತ್ತದೆ. ಆದ್ದರಿಂದ ಅದು ಜನನಾಂಗದ ಸುತ್ತ, ತೊಡೆ, ಕಂಕುಳು, ಎದೆ, ಕೆಲವೊಮ್ಮೆ ಗಡ್ಡ ಮೀಸೆ, ಹುಬ್ಬು, ರೆಪ್ಪೆಗಳಲ್ಲಿ ಇರಬಹುದು. ತಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೂದಲಿಗೆ ಅಂಟಿಸಿದ ಸೀರು 6ರಿಂದ 10 ದಿನಗಳಲ್ಲಿ ಒಡೆದು ಮರಿಯಾಗುತ್ತದೆ. ಮನುಷ್ಯನ ಮೈ ಬಿಟ್ಟು ಕೆಳಗೆ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ.

ಮೊದಲ ಸಲ ಅಂಟಿದವರಿಗೆ ತುರಿಕೆ ತಕ್ಷಣ ಬರುವುದಿಲ್ಲ, ಎರಡು ಮೂರು ವಾರ ಕಳೆದ ಮೇಲೂ ಶುರುವಾಗಬಹುದು. ಮುಂದೆ ಹೇಳಲಿರುವ ಮನೆಯ ಜಗಳಗಳಲ್ಲಿ ಈ ಸಂಗತಿ ಮುಖ್ಯ, ನೆನಪಿರಲಿ. ಒಳಉಡುಪಿನಲ್ಲಿ ಸಣ್ಣ ಕಪ್ಪು ಅಥವಾ ತುಕ್ಕು ಬಣ್ಣದ ಚುಕ್ಕೆಗಳು, ತೊಡೆ ಅಥವಾ ಕಿಬ್ಬೊಟ್ಟೆಯ ಮೇಲೆ ನೀಲಿ ಕಲೆಗಳು ಕಾಣಬಹುದು.

ಹೇನೋ, ಕುಡಿತ ಬಿಟ್ಟಾಗಿನ ಹುಳದ ಭ್ರಮೆಯೋ?

ಬೇರೆ ಚರ್ಮದ ಪುಸ್ತಿಕೆಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ನಮ್ಮ ರೋಗಿಗಳಿಗೆ ಇದು ಬೇಕೇ ಬೇಕು.

ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ನರಗಳು ಕೆರಳುತ್ತವೆ. ಮೊದಲ ದಿನವೇ ನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಸುಮಾರಿಗೆ ಕೆಲವರಿಗೆ ಬುದ್ಧಿ ಮಂಕಾಗಿ, ಇಲ್ಲದ್ದು ಕಾಣತೊಡಗುತ್ತದೆ. ಆಗ ಮೈಮೇಲೆ ಹುಳ ಹರಿದಾಡಿದಂತೆ ಅನ್ನಿಸುವುದು ಬಹಳ ಸಾಮಾನ್ಯ. ರೋಗಿ ಇಲ್ಲದ ಹುಳವನ್ನು ಕೈಯಿಂದ ಹೆಕ್ಕುತ್ತಾನೆ, ಹಾಸಿಗೆ ಕೊಡವುತ್ತಾನೆ, ಗೋಡೆಯ ಮೇಲೂ ಹುಳ ಇವೆ ಎನ್ನುತ್ತಾನೆ. ಇದು ತುರ್ತುಸ್ಥಿತಿ, ಪ್ರಾಣಕ್ಕೆ ಅಪಾಯವಿದೆ. ಲೋಷನ್ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ ಸಂಡೂರು, ಹೊಸಪೇಟೆ, ಬಳ್ಳಾರಿ ಯಾವುದು ಬೇಗ ಸಿಗುತ್ತದೋ ಆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ. ರೋಗಿ ನಿಜವಾದ ಹೇನಿನ ತುರಿಕೆ ಹೇಳಿಕೊಂಡಾಗ ಮನೆಯವರು "ಕುಡುದ ತಲಿ, ಏನೇನೋ ಕಾಣತೈತಿ" ಎಂದು ಬಾಯಿ ಮುಚ್ಚಿಸುತ್ತಾರೆ. ಎರಡನ್ನೂ ಬೇರ್ಪಡಿಸಲು ದೊಡ್ಡ ಯಂತ್ರ ಬೇಡ. ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಹುಳ ಸಿಕ್ಕರೆ ಬಿಳಿ ಕಾಗದದ ಮೇಲಿಟ್ಟು ಪಾರದರ್ಶಕ ಅಂಟುಪಟ್ಟಿ ಅಂಟಿಸಿ ತನ್ನಿ. ಹೇನಾದರೆ ನಮ್ಮ ಕಣ್ಣಿಗೂ ಕಾಣುತ್ತದೆ, ತುರಿಕೆ ಕೂದಲಿರುವ ಜಾಗದಲ್ಲೇ ಇರುತ್ತದೆ, ರೋಗಿಯ ಮಾತು ನೆಟ್ಟಗಿರುತ್ತದೆ. ಇನ್ನು ಕಜ್ಜಿಯಾದರೆ ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ಹೆಚ್ಚು ತುರಿಸುತ್ತದೆ, ಮನೆಯಲ್ಲಿ ಇನ್ನಿಬ್ಬರಿಗೂ ಇರುತ್ತದೆ. ಹುಳುಕಡ್ಡಿಯಾದರೆ ಅಂಚು ಕೆಂಪಾದ ದುಂಡು ಪಟ್ಟೆ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮು ಹಚ್ಚಿ ಹುಳುಕಡ್ಡಿಯನ್ನು ಹೊಟ್ಟೆಯವರೆಗೆ ಹಬ್ಬಿಸಿಕೊಂಡು ಬರುವವರನ್ನು ನೋಡಿ ನನಗೆ ಬೇಸರವಾಗಿದೆ.

ಹೇಗೆ ಅಂಟುತ್ತದೆ?

ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ಕೂದಲಿಗೆ ಕೂದಲು ತಾಗುವುದರಿಂದ. ಅಪರೂಪಕ್ಕೆ ಆಗಷ್ಟೇ ಬಳಸಿದ ಹಾಸಿಗೆ, ಟವೆಲ್, ಒಳಬಟ್ಟೆಯಿಂದ. ಈ ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ನಯವಾದ ಮೇಲ್ಮೈ ಮೇಲೆ ಅದರ ಕಾಲು ನಿಲ್ಲದು, ಹಾಗಾಗಿ ಶೌಚಾಲಯದ ಆಸನದಿಂದ ಬಂತು ಎಂಬ ಮಾತು ನಂಬುವಂತಹದ್ದಲ್ಲ. ದನ, ನಾಯಿಗಳಿಂದ ಬರುವುದಿಲ್ಲ. ಕಾಂಡೋಮ್ ಎಚ್‌ಐವಿ, ಸಿಫಿಲಿಸ್ ಮುಂತಾದವುಗಳ ಅಪಾಯವನ್ನು ತಗ್ಗಿಸುತ್ತದೆ, ಆದ್ದರಿಂದ ಅದನ್ನು ಬಿಡಬಾರದು. ಆದರೆ ಸುತ್ತಲಿನ ಕೂದಲನ್ನು ಅದು ಮುಚ್ಚದ ಕಾರಣ ಹೇನನ್ನು ತಡೆಯಲಾರದು. ದಿನಾ ಸ್ನಾನ ಮಾಡುವವರಿಗೂ ಹೇನು ಅಂಟುತ್ತದೆ. ಕುಡಿಯುವುದರಿಂದಲೇ ಹೇನು ಹುಟ್ಟುವುದಿಲ್ಲ. ಅಮಲಿನಲ್ಲಿ ಎಲ್ಲಿ ಮಲಗಿದೆ, ಯಾರೊಡನೆ ಮಲಗಿದೆ ಎಂಬ ಎಚ್ಚರ ತಪ್ಪುತ್ತದೆ, ನಂಟು ಅಷ್ಟೇ.

ನಮ್ಮ ಸಂಡೂರು ಸೀಮೆಗೆ ಈ ಪಾಠ ಒಮ್ಮೆ ದುಬಾರಿಯಾಗಿ ಸಿಕ್ಕಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಇಲ್ಲಿನ ರಸ್ತೆಗಳಲ್ಲಿ ಹಗಲು ರಾತ್ರಿ ಅದಿರು ಲಾರಿ ಓಡುತ್ತಿದ್ದವು. ಚಾಲಕರು, ಕ್ಲೀನರ್‌ಗಳು ಲಾರಿಯಲ್ಲೇ ಮಲಗುತ್ತಿದ್ದರು, ಢಾಬಾದಲ್ಲೇ ಕುಡಿಯುತ್ತಿದ್ದರು. ಮನೆ ಬಿಟ್ಟು ತಿಂಗಳುಗಟ್ಟಲೆ ದುಡಿಯುವವರಲ್ಲಿ ಲೈಂಗಿಕ ರೋಗಗಳ ಅಪಾಯ ಹೆಚ್ಚೆಂದು ಆಗಲೇ ತಿಳಿದಿತ್ತು. ಉಗುಳಿದ ದೂರಿನಿಂದ ಆ ರೋಗಗಳು ಕಡಿಮೆಯಾಗಲಿಲ್ಲ, ಕಡಿಮೆಯಾದದ್ದು ತಪಾಸಣೆ, ಚಿಕಿತ್ಸೆ, ಕಾಂಡೋಮ್ ಕೈಗೆ ಸಿಗುವಂತಾದಾಗ. ಸರ್ಕಾರದ ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ "ಸುರಕ್ಷಾ ಕ್ಲಿನಿಕ್" ಎಂಬ ಹೆಸರು ಇಟ್ಟದ್ದು ಜಾಣತನ ಎಂದು ನನ್ನ ಅಭಿಪ್ರಾಯ. ಬಾಗಿಲಿನ ಹೊರಗಿನ ಫಲಕ ಓದಿ ಯಾರೂ ತಲೆ ತಗ್ಗಿಸಬೇಕಿಲ್ಲ.

ಚಿಕಿತ್ಸೆ

ಸಾಮಾನ್ಯವಾಗಿ ಕೊಡುವುದು ಶೇ. 1ರ ಪರ್ಮೆಥ್ರಿನ್. ಆ ಭಾಗವನ್ನು ತೊಳೆದು ಒರೆಸಿ, ಕೂದಲ ಬುಡಕ್ಕೆ ತಾಗುವಂತೆ ಹಚ್ಚಿ, ಗಡಿಯಾರ ನೋಡಿ 10 ನಿಮಿಷ ಬಿಟ್ಟು ತೊಳೆಯಬೇಕು. ತೊಡೆ, ಕಂಕುಳು, ಎದೆಯಲ್ಲೂ ಹೇನಿದ್ದರೆ ಅಲ್ಲಿಗೂ. ಒಗೆದ ಒಳಬಟ್ಟೆ ಹಾಕಿಕೊಳ್ಳಿ. ಉಳಿದ ಸೀರನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಅಥವಾ ಉಗುರಿನಿಂದ ತೆಗೆಯಿರಿ. 9 ಅಥವಾ 10ನೆಯ ದಿನ ಮತ್ತೆ ನೋಡಿ, ಜೀವಂತ ಹೇನು ಕಂಡರೆ ಇನ್ನೊಮ್ಮೆ ಹಚ್ಚಬೇಕು. ಸೀರು ಒಡೆಯುವ ಲೆಕ್ಕಕ್ಕೆ ಈ ದಿನ ಸರಿಹೊಂದುತ್ತದೆ. ಮೊದಲ ಸಲಕ್ಕೇ ತುರಿಕೆ ಹೋಯಿತೆಂದು ಎರಡನೆಯ ತಪಾಸಣೆ ಬಿಟ್ಟವರೇ ತಿಂಗಳ ಮೇಲೆ ಮತ್ತೆ ಬರುತ್ತಾರೆ. ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ವೈದ್ಯರ ಸಲಹೆಯಂತೆ ಪರ್ಮೆಥ್ರಿನ್ ಬಳಸಬಹುದು.

ಅಂಗಡಿಯಲ್ಲಿ ಇದೇ ಔಷಧಿಯ ಶೇ. 5ರ ಮುಲಾಮೂ ಸಿಗುತ್ತದೆ. ಅದು ಕಜ್ಜಿಗೆ, ರಾತ್ರಿಯಿಡೀ ಬಿಡುವಂಥದ್ದು. ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ.

ರೆಪ್ಪೆಯ ಹೇನಿಗೆ ಈ ಲೋಷನ್ ಕೂಡದು. ಅದಕ್ಕೆ ಕಣ್ಣಿಗೆಂದೇ ತಯಾರಿಸಿದ ವ್ಯಾಸಲಿನ್ ಮುಲಾಮನ್ನು ವೈದ್ಯರು ಕೊಡುತ್ತಾರೆ. ಮಗುವಿನ ರೆಪ್ಪೆಯಲ್ಲಿ ಈ ಹೇನು ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ದೊಡ್ಡವರ ಹಾಸಿಗೆಯಿಂದ ಬಂದಿರಬಹುದು, ಮಗುವಿನ ಮೇಲೆ ಯಾರಾದರೂ ಕೈ ಮಾಡಿರಲೂಬಹುದು. ಎರಡನ್ನೂ ಸಮಾಧಾನದಿಂದ ವಿಚಾರಿಸಲೇಬೇಕಾಗುತ್ತದೆ.

ಕುಡಿತ ಬಿಡುತ್ತಿರುವವರು ವಿಶೇಷವಾಗಿ ತಿಳಿಯಬೇಕಾದ ಒಂದು ಹೆಸರಿದೆ: ಲಿಂಡೇನ್. ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂದೂ ಬರೆದಿರುತ್ತಾರೆ. ಹಳೆಯ ಹೇನು ಮತ್ತು ಕಜ್ಜಿ ಲೋಷನ್‌ಗಳಲ್ಲಿ ಇರುತ್ತಿದ್ದ ಔಷಧಿ. ಮೂಲತಃ ಕೀಟನಾಶಕ. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಹೇನು ಕಜ್ಜಿಗಳ ಔಷಧಿಯಾಗಿ ಮಾತ್ರ ಆಗ ವಿನಾಯಿತಿ ಇತ್ತು. ಇದು ಚರ್ಮದ ಮೂಲಕ ಒಳಹೋಗಿ ಫಿಟ್ಸ್ ತರಬಲ್ಲದು. ಕುಡಿತ ನಿಲ್ಲಿಸಿದ ದಿನಗಳಲ್ಲಿ ಮೊದಲೇ ಫಿಟ್ಸ್ ಭಯ ಇರುತ್ತದೆ, ಅದರ ಮೇಲೆ ಇದನ್ನು ಹಚ್ಚುವುದು ಬೆಂಕಿಗೆ ತುಪ್ಪ ಸುರಿದಂತೆ. ಮನೆಯ ಕಪಾಟಿನಲ್ಲಿ ಹಳೆಯ ಸೀಸೆ ಇದ್ದರೆ ಹಚ್ಚದೆ ನಮಗೆ ತಂದು ತೋರಿಸಿ. ಲೋಷನ್ ಬರೆಸಿಕೊಳ್ಳುವಾಗ "ನಾನು ಕುಡಿತ ಬಿಟ್ಟು ಇಷ್ಟು ದಿನ ಆಯಿತು" ಎಂದು ವೈದ್ಯರಿಗೆ ಹೇಳಲೇಬೇಕು.

ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರು ಮದ್ಯಸಾರವಿರುವ ಲೋಷನ್, ಶೇವಿಂಗ್ ದ್ರಾವಣಗಳನ್ನು ಮೈಗೆ ಹಚ್ಚಬಾರದು, ಮುಖ ಕೆಂಪೇರಿ ಎದೆ ಬಡಿದುಕೊಳ್ಳಬಹುದು. ಮೊನೊಸಲ್ಫಿರಾಮ್ ಇರುವ ಕಜ್ಜಿ ಸಾಬೂನೂ ಆ ಮಾತ್ರೆಯ ಸಂಬಂಧಿಯೇ. ಅದನ್ನು ಬಳಸುತ್ತ ಕುಡಿದರೆ ಅಂಥದೇ ತೊಂದರೆ ಆಗಬಹುದು.

ಮಾಡಬಾರದ್ದು

ಸೀಮೆಎಣ್ಣೆ, ಪೆಟ್ರೋಲ್ ಹಚ್ಚಬೇಡಿ. ಆ ಭಾಗದ ಚರ್ಮ ತೆಳು, ಸುಟ್ಟು ಗುಳ್ಳೆಯೇಳುತ್ತದೆ. ಬೀಡಿಯ ಕಿಡಿ ತಾಗಿದರೆ ಏನಾದೀತು ಎಂಬುದನ್ನು ಬರೆಯಬೇಕಿಲ್ಲ. ತಂಬಾಕಿನ ನೀರಿನ ವಿಷ ಚರ್ಮದಿಂದ ಒಳಗಿಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೊಲಕ್ಕೆ ಹೊಡೆಯುವ ಎಣ್ಣೆ. (ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣೆ, ಸಾರಾಯಿಗೂ ಎಣ್ಣೆ. ಎರಡೂ ಮನೆ ತೊಳೆದ ಎಣ್ಣೆಗಳೇ.) ಮೆಣಸಿನ ಗಿಡಕ್ಕೆ, ಹತ್ತಿಗೆ ಹೊಡೆದು ಉಳಿದದ್ದನ್ನು ಹೇನಿಗೆ ಹಚ್ಚಿದರೆ ಬೆವರು, ನಡುಕ, ವಾಂತಿ, ಬಾಯಲ್ಲಿ ಜೊಲ್ಲು ಬರುತ್ತವೆ. ಬೆವರು, ನಡುಕ, ವಾಂತಿ ಕುಡಿತ ಬಿಟ್ಟಾಗಲೂ ಬರುವಂಥವು. ಮನೆಯವರು "ಬಿಟ್ಟದ್ದಕ್ಕೆ ಹಿಂಗಾಗೈತಿ" ಎಂದು ಸುಮ್ಮನಿದ್ದರೆ ವಿಷಕ್ಕೆ ಚಿಕಿತ್ಸೆ ತಡವಾಗುತ್ತದೆ. ಅಂಥದ್ದೇನಾದರೂ ಹಚ್ಚಿದ್ದರೆ ತಕ್ಷಣ ಬಟ್ಟೆ ಬಿಚ್ಚಿ ಸಾಬೂನು ನೀರಿನಿಂದ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಬನ್ನಿ. ಬೈಯುವುದಿಲ್ಲ.

ಬೋಳಿಸಿದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಕೂದಲು ಕತ್ತರಿಸಿದರೆ ಲೋಷನ್ ಹಚ್ಚುವುದು ಸುಲಭ, ಆದರೆ ಬೋಳಿಸಲೇಬೇಕೆಂದಿಲ್ಲ. ಒಂದು ಕಡೆ ಬೋಳಿಸಿದರೂ ತೊಡೆ, ಕಂಕುಳಲ್ಲಿ ಹೇನು ಉಳಿಯಬಹುದು. ಕೈ ನಡುಗುವ ದಿನಗಳಲ್ಲಿ ರೇಜರ್ ಹಿಡಿಯುವುದಂತೂ ಬೇಡ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಿದರೆ ಕಾಮಾಲೆಯ ಬಿ ವೈರಸ್, ಎಚ್‌ಐವಿಗಳ ಅಪಾಯ ಬೇರೆ.

ಬಟ್ಟೆಯ ವಿಷಯದಲ್ಲಿ ಗಾಬರಿ ಬೇಡ. ಹಿಂದಿನ ಎರಡು ಮೂರು ದಿನ ಬಳಸಿದ ಒಳಬಟ್ಟೆ, ಪಂಚೆ, ಟವೆಲ್, ಹೊದಿಕೆಗಳನ್ನು ಕೈಗೆ ತಡೆಯದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಇಟ್ಟರೆ ಸಾಕು. ಮನೆಗೆಲ್ಲ ಔಷಧಿ ಹೊಡೆಯಬೇಕಿಲ್ಲ, ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಿಲ್ಲ.

ಮನೆಯಲ್ಲಿ ಹೇಗೆ ಹೇಳುವುದು?

ಕಳೆದ ಒಂದು ತಿಂಗಳಲ್ಲಿ ಲೈಂಗಿಕ ಸಂಪರ್ಕವಿದ್ದವರಿಗೆ ಏಕಕಾಲಕ್ಕೆ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಹೇನು ಅವರಿಂದ ಇವರಿಗೆ ಮತ್ತೆ ಬರುತ್ತದೆ. ಇಬ್ಬರೂ ಗುಣವಾದರೆಂದು ತಪಾಸಣೆಯಲ್ಲಿ ತಿಳಿಯುವವರೆಗೆ ಸಂಪರ್ಕ ಬೇಡ. ಎಂದರೆ, ಹೆಂಡತಿಗೆ ಹೇಳಲೇಬೇಕು. ಹಲವರು ಇಲ್ಲಿಯೇ ನಿಂತುಬಿಡುತ್ತಾರೆ.

"ಲಾಡ್ಜಿನ ಹಾಸಿಗೆಯಿಂದ ಬಂತು ಅಂತ ನೀವೇ ಹೇಳಿಬಿಡಿ ಸಿಸ್ಟರ್" ಎಂದು ನನ್ನನ್ನು ಕೇಳಿದವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಅವರು ನನಗೆ ಹೇಳಿದ್ದನ್ನು ಅವರ ಹೆಂಡತಿಗೆ ಹೋಗಿ ಒಪ್ಪಿಸುವುದೂ ಇಲ್ಲ. ರೋಗಿ ಒಪ್ಪಿದರೆ ಇಬ್ಬರನ್ನೂ ಕೂರಿಸಿ, ಇದು ಹೇಗೆ ಹರಡುತ್ತದೆ, ಯಾವ ಚಿಕಿತ್ಸೆ ಬೇಕು ಎಂಬುದನ್ನು ವಿವರಿಸುತ್ತೇವೆ. ಉಳಿದ ಮಾತು ಅವರಿಬ್ಬರದು. ಮನೆಗೆ ಹೋಗಿ ಆಡುವುದಾದರೆ ಬೆಳಿಗ್ಗೆ, ಕುಡಿಯದೆ, ಮಕ್ಕಳು ಶಾಲೆಗೆ ಹೋದ ಮೇಲೆ ಆಡಿ: "ನನಗೆ ಒಂದು ಅಂಟುವ ತುರಿಕೆ ಐತಿ, ನಿನಗೂ ಔಷಧಿ ಬೇಕು, ನಡಿ ದವಾಖಾನಿಗೆ." ಇಷ್ಟರಿಂದ ಶುರುವಾದರೆ ಸಾಕು.

ಜೊತೆಗೆ ಬಂದಿರುವ ತಾಯಂದಿರಿಗೆ, ಅಕ್ಕಂದಿರಿಗೆ ಎರಡು ಮಾತು. ಹೇನು ನಿಮಗೆ ಅಂಟಿದ್ದರೆ ಅದು ನಿಮ್ಮ ನಡತೆಯ ಸಾಕ್ಷಿಯಲ್ಲ. ಗಂಡನಿಗೆ ತುರಿಕೆ ಇಲ್ಲದೆ ಹೆಂಡತಿಗೆ ಮೊದಲು ಬಂದಾಗ ಆರೋಪ ಅವಳ ಮೇಲೆ ಬೀಳುವುದನ್ನು ನೋಡಿದ್ದೇನೆ. ಯಾರಿಗೆ ಮೊದಲು ತುರಿಸಿತು ಎಂಬುದರಿಂದ ಯಾರಿಂದ ಬಂತು ಎಂದು ಹೇಳಲಾಗದು. ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ವಾರಗಳ ಮೇಲೆ ತುರಿಕೆ ಬರಬಹುದು. ಚಿಕಿತ್ಸೆ ಮುಗಿಯುವವರೆಗೆ ಬೇಡ ಎನ್ನುವ ಹಕ್ಕು ನಿಮಗಿದೆ, ಆನಂತರವೂ ಇದೆ. ಹೊಡೆತ ಬಡಿತವಾದರೆ ಮಹಿಳಾ ಸಹಾಯವಾಣಿ 181. ಗಂಡನ ಈ ಕಾಯಿಲೆಯನ್ನು ಓಣಿಯಲ್ಲಿ ಹೇಳಿ ಸೇಡು ತೀರಿಸಿಕೊಳ್ಳಬೇಕೆನ್ನಿಸಿದರೆ ಒಂದು ದಿನ ತಡೆಯಿರಿ. ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಆ ಮಾತು ಊರಾಡಿದ ದಿನ ಆತ ಮಾತ್ರೆ ಬಿಟ್ಟು ಅಂಗಡಿಯ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು, ಅದರ ಪೆಟ್ಟು ಮತ್ತೆ ನಿಮಗೇ.

ಇತರ ಪರೀಕ್ಷೆಗಳು

ಈ ಹೇನು ಎಚ್‌ಐವಿಯನ್ನು ಹರಡುವುದಿಲ್ಲ. ಆದರೆ ಅದು ಬಂದ ದಾರಿಯಲ್ಲೇ ಬೇರೆ ಸೋಂಕೂ ಬಂದಿರಬಹುದು. ಆದ್ದರಿಂದ ಸಿಫಿಲಿಸ್, ಎಚ್‌ಐವಿ ಮುಂತಾದ ಪರೀಕ್ಷೆ ಮಾಡಿಸಲು ಹೇಳುತ್ತೇವೆ. ಇತ್ತೀಚಿನ ಸಂಪರ್ಕವಾದರೆ ಎಚ್‌ಐವಿ ಪರೀಕ್ಷೆಯನ್ನು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕಾಗಬಹುದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ನಿಮ್ಮ ಒಪ್ಪಿಗೆ ಪಡೆದು ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಎಚ್‌ಐವಿ ಬಗ್ಗೆ ಹೆಸರು ಹೇಳದೆ ಕೇಳಲು 1097, ಕುಡಿತ ಮತ್ತಿತರ ವ್ಯಸನದ ಬಗ್ಗೆ 14446, ಮನಸ್ಸು ತೀರಾ ಕುಗ್ಗಿದಾಗ ಟೆಲಿ ಮನಸ್ 14416, ಎಲ್ಲವೂ ಉಚಿತ ಕರೆಗಳು.

ನಮ್ಮಲ್ಲಿಗೆ ಬಂದಾಗ ನೋಂದಣಿ ಕಿಟಕಿಯಲ್ಲಿ "ಚರ್ಮದ ತೊಂದರೆ" ಎಂದಷ್ಟೇ ಹೇಳಿ. ಕುಡಿತದ ಚಿಕಿತ್ಸೆಗೆ ಬರುವ ದಿನವೇ ಇದನ್ನೂ ತೋರಿಸಬಹುದು, ಬೇರೆ ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ. ಗಂಡಸರು ಗಂಡಸರಿಗೇ ತೋರಿಸಬೇಕೆಂದರೆ, ಹೆಂಗಸರು ಹೆಂಗಸರಿಗೇ ತೋರಿಸಬೇಕೆಂದರೆ ಮೊದಲೇ ಹೇಳಿ. ಬಾಯಿಂದ ಹೇಳಲಾಗದಿದ್ದರೆ ಈ ಪುಟವನ್ನೇ ಮಡಿಸಿ ಚೀಟಿಯ ಜೊತೆ ಕೊಡಿ, ನಮಗೆ ಅರ್ಥವಾಗುತ್ತದೆ. ಲೋಷನ್ ಹಚ್ಚಿದ ತಾರೀಖನ್ನು ಕುಡಿತದ ಮಾತ್ರೆಯ ಕಾರ್ಡಿನ ಹಿಂದೆ ಬರೆದುಕೊಳ್ಳಿ. ಹತ್ತನೆಯ ದಿನದ ತಪಾಸಣೆಗೆ ಅದೇ ಕಾರ್ಡು ತಂದರೆ ಸಾಕು.